ಮೂಗು ಮರೆತ ಘಾಟು

ಹುಬ್ಬಳ್ಳಿಯ ಧೂಳು ನಾಡಿಗೆಲ್ಲ ಗೊತ್ತು. ಆ ಧೂಳಿಗೂ ಥಿನ್ನರ್ ಘಾಟಿಗೂ ಇರುವ ನಂಟು ಮಾತ್ರ ಪೇಂಟರ್‌ಗಳಿಗಷ್ಟೇ ಗೊತ್ತು. ಹಸಿ ಬಣ್ಣದ ಮೇಲೆ ಧೂಳಿನ ಒಂದು ಕಣ ಕೂತರೂ ಕೆಲಸ ಕೆಟ್ಟಿತೆಂದೇ ಲೆಕ್ಕ. ಹಾಗಾಗಿ ಕಾರಿನ ಬಾನೆಟ್‌ಗೆ ಕೊನೆಯ ಕೋಟ್ ಹೊಡೆಯುವ ಹೊತ್ತಿಗೆ ಗ್ಯಾರೇಜಿನ ಶಟರ್ ಕೆಳಗಿಳಿಯುತ್ತದೆ, ಫ್ಯಾನ್ ಆರುತ್ತದೆ. ಹೊಸ ಮನೆಯ ಸಾಗವಾನಿ ಬಾಗಿಲಿಗೆ ಮೆಲಮೈನ್ ಪಾಲಿಶ್ ಹೊಡೆಯುವವರು ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಕಟ್ಟುತ್ತಾರೆ. ಧೂಳು ಹೊರಗೆ ಉಳಿಯುತ್ತದೆ, ಘಾಟು ಒಳಗೆ ಉಳಿಯುತ್ತದೆ. ಬಣ್ಣ ಕನ್ನಡಿಯಂತೆ ಹೊಳೆಯುತ್ತದೆ. ಅದನ್ನು ಹೊಡೆದವನ ತಲೆ ಮಾತ್ರ ರಾತ್ರಿಯವರೆಗೂ ಸಿಡಿಯುತ್ತದೆ.

ಶಟರ್ ಎಳೆಯುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ನೆರೆಹೊರೆ. ರೈಲು ನಿಲ್ದಾಣದ ಆಚೆಗೆ, ಗದಗ ರಸ್ತೆಗೂ ಕುಸುಗಲ್ ರಸ್ತೆಗೂ ನಡುವೆ ಹಬ್ಬಿರುವ ಕೇಶ್ವಾಪುರದಂಥ ಬಡಾವಣೆಯಲ್ಲಿ ಮನೆ, ಅಂಗಡಿ, ಆಸ್ಪತ್ರೆ, ಅಪಾರ್ಟ್‌ಮೆಂಟ್ ಎಲ್ಲವೂ ಒಂದರ ಮಗ್ಗುಲಿಗೊಂದು. ಇಂಥ ಕಡೆ ಟಿಂಕರಿಂಗ್-ಪೇಂಟಿಂಗ್ ಗ್ಯಾರೇಜು, ಫರ್ನಿಚರ್ ಪಾಲಿಶ್, ಸ್ಕ್ರೀನ್ ಪ್ರಿಂಟಿಂಗ್, ಪಂಕ್ಚರ್ ಅಂಗಡಿ, ಚಪ್ಪಲಿ ದುರಸ್ತಿ, ಡ್ರೈಕ್ಲೀನಿಂಗ್ ಮುಂತಾದ ದ್ರಾವಕ ಬಳಸುವ ಕಸುಬುಗಳೆಲ್ಲ ಮನೆಗಳ ನೆರಳಲ್ಲೇ ನಡೆಯುತ್ತವೆ. ವಾಸನೆ ಹೊರಗೆ ಹೋದರೆ ಮಹಡಿಯ ಮೇಲಿನವರು ಜಗಳಕ್ಕೆ ಬರುತ್ತಾರೆ. ಒಳಗೇ ಉಳಿದರೆ ಜಗಳವಾಡುವವರು ಯಾರೂ ಇಲ್ಲ, ಕುಡಿಯುವವರು ಮಾತ್ರ ಇದ್ದಾರೆ.

ಥಿನ್ನರಿನ ಅಪಾಯ ಅರ್ಧ ಡಬ್ಬಿಯಲ್ಲಿದೆ, ಉಳಿದರ್ಧ ಕೋಣೆಯಲ್ಲಿದೆ. ಡಬ್ಬಿಯ ಮೇಲೆ ಬೆಂಕಿಯ ಚಿತ್ರವಿರುವ ಎಚ್ಚರಿಕೆ ಇರುತ್ತದೆ. ಕೋಣೆಯ ಮೇಲೆ ಯಾರೂ ಎಚ್ಚರಿಕೆ ಬರೆಯುವುದಿಲ್ಲ.

ಡಬ್ಬಿಯೊಳಗೆ ಏನಿದೆ

ಅಂಗಡಿಯಲ್ಲಿ ‘ಎನ್.ಸಿ. ಥಿನ್ನರ್’ ಎಂದು ಕೇಳಿ ತರುವುದು ಒಂದೇ ವಸ್ತುವಲ್ಲ. ಟಾಲ್ವೀನ್, ಝೈಲೀನ್, ಅಸಿಟೋನ್, ಬ್ಯೂಟೈಲ್ ಅಸಿಟೇಟ್, ಒಂದೆರಡು ಬಗೆಯ ಆಲ್ಕೋಹಾಲ್, ಹೀಗೆ ಹಲವು ದ್ರಾವಕಗಳ ಬೆರಕೆ ಅದು. ಯಾವುದು ಎಷ್ಟು ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಪಂಕ್ಚರ್ ಅಂಗಡಿಯ ‘ಸಲ್ಯೂಷನ್’, ಚಪ್ಪಲಿ ಅಂಟಿಸುವ ರಬ್ಬರ್ ಅಂಟು, ಸನ್‌ಮೈಕಾ ಕೂರಿಸುವ ಅಂಟು ಇವುಗಳಲ್ಲಿ ಟಾಲ್ವೀನ್ ಜೊತೆಗೆ ಹೆಕ್ಸೇನ್ ಕೂಡ ಇರಬಹುದು. ಹಳೇ ಬಣ್ಣ ಕೀಳುವ ಹಲವು ರಿಮೂವರ್‌ಗಳಲ್ಲಿ ಡೈಕ್ಲೋರೋಮೀಥೇನ್ ಇರುತ್ತದೆ. ಡ್ರೈಕ್ಲೀನಿಂಗ್‌ನಲ್ಲಿ ಪೆಟ್ರೋಲಿಯಂ ಟರ್ಪೆಂಟೈನ್ ಅಥವಾ ಪರ್‌ಕ್ಲೋರೋಎಥಿಲೀನ್ ಬಳಕೆಯಲ್ಲಿವೆ.

ಇವೆಲ್ಲಕ್ಕೂ ಇರುವ ಸಮಾನ ಗುಣವೆಂದರೆ ಬೇಗ ಆವಿಯಾಗುವುದು. ಬಣ್ಣವನ್ನು ತೆಳುವಾಗಿಸಿ, ಹರಡಿಸಿ, ಆಮೇಲೆ ತಾವು ಹಾರಿಹೋಗುವುದೇ ಅವುಗಳ ಕೆಲಸ. ‘ಬಣ್ಣ ಒಣಗಿತು’ ಎಂದರೆ ಅದರಲ್ಲಿದ್ದ ದ್ರಾವಕ ಬಹುಪಾಲು ಗಾಳಿಗೆ ಸೇರಿತು ಎಂದೇ ಅರ್ಥ. ಡಬ್ಬಿಯಿಂದ ಕಡಿಮೆಯಾದ ಪ್ರತಿ ಹನಿಯೂ ಕೋಣೆಯ ಗಾಳಿಯಲ್ಲಿದೆ. ಅಲ್ಲಿಂದ ಅದಕ್ಕೆ ಇರುವ ದಾರಿ ಎರಡೇ: ಒಂದು ಕಿಟಕಿ, ಇನ್ನೊಂದು ಕೆಲಸಗಾರನ ಶ್ವಾಸಕೋಶ.

ಹತ್ತಡಿ ಕೋಣೆಯ ಲೆಕ್ಕ

ಹೈಸ್ಕೂಲಿನ ರಸಾಯನಶಾಸ್ತ್ರ ನೆನಪಿದ್ದರೆ ಸಾಕು, ಈ ಲೆಕ್ಕವನ್ನು ಯಾರಾದರೂ ಮಾಡಬಹುದು. ಒಂದು ಲೀಟರ್ ಟಾಲ್ವೀನ್‌ನ ತೂಕ ಸುಮಾರು 867 ಗ್ರಾಂ. ಅದು ಪೂರ್ತಿ ಆವಿಯಾದರೆ ಸಾಮಾನ್ಯ ಉಷ್ಣಾಂಶದಲ್ಲಿ ಸುಮಾರು 230 ಲೀಟರ್ ಅನಿಲವಾಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಮಳಿಗೆಯಲ್ಲಿ ಹಿಡಿಯುವ ಗಾಳಿ ಸುಮಾರು 28,300 ಲೀಟರ್. ಬಾಗಿಲು ಕಿಟಕಿ ಮುಚ್ಚಿದ್ದರೆ ಆ ಗಾಳಿಯ ಪ್ರತಿ ಹತ್ತು ಲಕ್ಷ ಭಾಗದಲ್ಲಿ ಸುಮಾರು 8,000 ಭಾಗ ಟಾಲ್ವೀನ್ ಇರುತ್ತದೆ.

1948ರ ಕಾರ್ಖಾನೆಗಳ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಎಂಟು ಗಂಟೆಯ ಕೆಲಸಕ್ಕೆ ಟಾಲ್ವೀನ್‌ಗೆ ಇಟ್ಟಿದ್ದ ಮಿತಿ ಹತ್ತು ಲಕ್ಷಕ್ಕೆ 100 ಭಾಗ. ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರ ಸಂಸ್ಥೆ ತಾನು ಶಿಫಾರಸು ಮಾಡುವ ಮಿತಿಯನ್ನು 20ಕ್ಕೆ ಇಳಿಸಿ ವರ್ಷಗಳೇ ಆದವು. ಹತ್ತು ಲಕ್ಷಕ್ಕೆ 500 ಭಾಗ ಮುಟ್ಟಿದರೆ ಅದನ್ನು ಜೀವಕ್ಕೆ ತಕ್ಷಣದ ಅಪಾಯವೆಂದು ಅಲ್ಲಿನ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಪರಿಗಣಿಸುತ್ತದೆ. ನಮ್ಮ ಮುಚ್ಚಿದ ಮಳಿಗೆಯ ಅಂಕಿ ಇವೆಲ್ಲವನ್ನೂ ಎಷ್ಟೋ ಪಟ್ಟು ದಾಟಿದೆ.

ಇದನ್ನೇ ತಿರುಗಿಸಿ ನೋಡಿ. ಅದೇ ಕೋಣೆ 100ರ ಮಿತಿಯನ್ನು ಮುಟ್ಟಲು ಎಷ್ಟು ಟಾಲ್ವೀನ್ ಬೇಕು? ಸುಮಾರು 12 ಮಿಲಿಲೀಟರ್, ಅಂದರೆ ಎರಡೂವರೆ ಚಹಾ ಚಮಚ. ಕೈಗೆ ಮೆತ್ತಿದ ಬಣ್ಣ ತೊಳೆಯಲು ಅಂಗೈಗೆ ಸುರಿದುಕೊಳ್ಳುವಷ್ಟು. ಸ್ಪ್ರೇ ಗನ್ ತೊಳೆಯುವುದಕ್ಕೆ ಅದರ ಎಷ್ಟೋ ಪಟ್ಟು ಬೇಕಾಗುತ್ತದೆ.

ಒಂದು ಲೀಟರ್ ಟಾಲ್ವೀನ್ ಆವಿಯನ್ನು ಮಿತಿಯೊಳಗೆ ತರಲು ಆ ಕೋಣೆಯ ಗಾಳಿಯನ್ನು ಎಂಬತ್ತಕ್ಕೂ ಹೆಚ್ಚು ಸಲ ಪೂರ್ತಿ ಬದಲಿಸಬೇಕು. ಕೆಲಸ ನಾಲ್ಕು ಗಂಟೆ ನಡೆದರೆ ಗಂಟೆಗೆ ಇಪ್ಪತ್ತು ಸಲ. ಗಾಳಿ ಮೂಲೆಮೂಲೆಗೂ ಸಮನಾಗಿ ಬೆರೆಯುವುದಿಲ್ಲವಾದ್ದರಿಂದ ನಿಜಕ್ಕೂ ಬೇಕಾಗುವುದು ಇನ್ನೂ ಹೆಚ್ಚು. ಒಂದು ಕಿಟಕಿ ಓರೆ ಮಾಡಿ ‘ಗಾಳಿ ಆಡತೈತಿ’ ಎನ್ನುವುದಕ್ಕೂ ಈ ಅಂಕಿಗೂ ಎಲ್ಲಿಯ ಹೋಲಿಕೆ?

ನೆಲಕ್ಕೆ ಇಳಿಯುವ ಆವಿ

ಆವಿ ಮೇಲಕ್ಕೇರುತ್ತದೆ ಎಂಬುದು ನಮ್ಮ ಅಡುಗೆಮನೆಯ ಅನುಭವ. ಥಿನ್ನರ್ ಆವಿಯ ರೀತಿ ಬೇರೆ. ಟಾಲ್ವೀನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ, ಅಸಿಟೋನ್ ಎರಡು ಪಟ್ಟು, ಝೈಲೀನ್ ಮೂರೂವರೆ ಪಟ್ಟಿಗೂ ಹೆಚ್ಚು. ಸುರಿದಲ್ಲಿಂದ ಅದು ನೆಲ ಹಿಡಿದು ಹರಿಯುತ್ತದೆ. ಬೇಸ್‌ಮೆಂಟ್, ಮೆಟ್ಟಿಲ ಕೆಳಗಿನ ಗೂಡು, ಕಾರಿನ ಕೆಳಗೆ ಇಳಿದು ಕೆಲಸ ಮಾಡುವ ಗುಂಡಿ, ನೀರಿನ ಸಂಪ್ ಇವುಗಳಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಛಾವಣಿಯ ಹತ್ತಿರ ಕೂರಿಸಿದ ಎಕ್ಸಾಸ್ಟ್ ಫ್ಯಾನ್ ಮೇಲಿನ ಬಿಸಿಗಾಳಿಯನ್ನು ಎಳೆಯುತ್ತ ಕೂರುತ್ತದೆ. ಬಾಗಿಲಿನ ಕೆಳಚೌಕಟ್ಟಿಗೆ ಪಾಲಿಶ್ ಹೊಡೆಯುತ್ತ ಕುಕ್ಕರುಗಾಲಲ್ಲಿ ಕೂತವನ ಮೂಗು ಆವಿಯ ಮಟ್ಟದಲ್ಲೇ ಇರುತ್ತದೆ.

ಮಡುಗಟ್ಟಿದ ಆವಿ ಬರೀ ವಿಷವಲ್ಲ, ಬೆಂಕಿಯೂ ಹೌದು. ಗಾಳಿಯಲ್ಲಿ ಟಾಲ್ವೀನ್ ಶೇ 1.1ರಷ್ಟು ಸೇರಿದರೆ ಕಿಡಿ ಸಾಕು. ಮೇಲಿನ ಲೆಕ್ಕದ ಒಂದು ಲೀಟರ್ ಆಗಲೇ ಶೇ 0.8 ಮುಟ್ಟಿಸಿತ್ತು, ನೆಲದ ಹತ್ತಿರ ಇನ್ನೂ ದಟ್ಟ. ಟಾಲ್ವೀನ್ 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ಅಸಿಟೋನ್ ಸೊನ್ನೆಗಿಂತ ಎಷ್ಟೋ ಕೆಳಗೆ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿನಲ್ಲಿ ಇನ್ನು ಹೇಳುವುದೇನಿದೆ? ಲೈಟಿನ ಸ್ವಿಚ್ಚು, ಡ್ರಿಲ್ ಯಂತ್ರ, ಬೀಡಿ, ಮೂಲೆಯ ದೇವರ ಫೋಟೋ ಮುಂದಿನ ಊದಿನಕಡ್ಡಿ, ಯಾವುದಾದರೂ ನಡೆದೀತು.

ನೆಲ ಹಿಡಿಯುವ ಅನಿಲ ಏನು ಮಾಡಬಲ್ಲದು ಎಂಬುದನ್ನು ಈ ಊರು ಕಣ್ಣಾರೆ ಕಂಡಿದೆ. 2024ರ ಡಿಸೆಂಬರ್‌ನಲ್ಲಿ ಉಣಕಲ್ಲಿನ ಅಚ್ಚವ್ವನ ಕಾಲೊನಿಯಲ್ಲಿ ಅಯ್ಯಪ್ಪ ಮಾಲಾಧಾರಿಗಳು ಮಲಗಿದ್ದ ಕೋಣೆಯಲ್ಲಿ ರಾತ್ರಿ ಅಡುಗೆ ಅನಿಲ ಸೋರಿ ಹೊತ್ತಿಕೊಂಡಿತು. ಒಂಬತ್ತು ಮಂದಿ ಸುಟ್ಟ ಗಾಯಗಳೊಂದಿಗೆ ಕಿಮ್ಸ್ ಆಸ್ಪತ್ರೆ ಸೇರಿದರು, ಅವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಅಲ್ಲಿದ್ದದ್ದು ಎಲ್‌ಪಿಜಿ, ಥಿನ್ನರ್ ಅಲ್ಲ. ಆದರೆ ಮುಚ್ಚಿದ ಕೋಣೆ, ಗಾಳಿಗಿಂತ ಭಾರವಾದ ಅನಿಲ, ಒಂದು ಸಣ್ಣ ಉರಿ ಎಂಬ ಮೂರು ಸಂಗತಿಗಳು ಎರಡೂ ಕಡೆ ಅವೇ. ಹೊಸ ಫ್ಲ್ಯಾಟಿನಲ್ಲಿ ಹಗಲೆಲ್ಲ ಪಾಲಿಶ್ ಹೊಡೆದು, ರಾತ್ರಿ ಅದೇ ಹಾಲಿನ ನೆಲದ ಮೇಲೆ ಚಾಪೆ ಹಾಸಿ ಮಲಗುವ, ಬದಿಯಲ್ಲೇ ಸ್ಟವ್ ಹಚ್ಚಿ ಅನ್ನಕ್ಕಿಡುವ ಕೆಲಸಗಾರರು ನಮ್ಮ ನಗರಗಳಲ್ಲಿ ಅಪರೂಪವೇನಲ್ಲ.

ಮೂಗನ್ನು ನಂಬಬೇಡಿ

ಹೊಸದಾಗಿ ಸೇರಿದ ಹುಡುಗ ಮೊದಲ ದಿನ ಮೂಗು ಮುಚ್ಚಿಕೊಳ್ಳುತ್ತಾನೆ. ವಾರ ಕಳೆದರೆ ‘ರೂಢಿ ಆಗೈತ್ರಿ’ ಎನ್ನುತ್ತಾನೆ. ರೂಢಿಯಾದದ್ದು ಮೂಗಿಗೆ, ಮೈಗಲ್ಲ. ಒಂದೇ ವಾಸನೆಯನ್ನು ಬಿಡದೆ ಮೂಸುತ್ತಿದ್ದರೆ ಘ್ರಾಣೇಂದ್ರಿಯ ದಣಿದು ಸುಮ್ಮನಾಗುತ್ತದೆ. ಮಿದುಳು, ಯಕೃತ್ತು, ನರಗಳು ಹಾಗೆ ಸುಮ್ಮನಾಗುವುದಿಲ್ಲ. ಒಣಮೆಣಸಿನಕಾಯಿ ಒಗ್ಗರಣೆಯ ಘಾಟಾದರೆ ಕೆಮ್ಮಿಸಿ ಕೆಮ್ಮಿಸಿ ಹೊರಗೆ ಓಡಿಸುತ್ತದೆ. ಟಾಲ್ವೀನ್ ಹಾಗಲ್ಲ, ಮೊದಮೊದಲು ತುಸು ಹಗುರವೆನಿಸಿ ಇನ್ನಷ್ಟು ಹೊತ್ತು ಕೂರಿಸುತ್ತದೆ.

ಮಾಸ್ಕ್ ವಿಷಯದಲ್ಲೂ ಇಂಥದೇ ಭ್ರಮೆ. ಕೊರೊನಾ ಕಾಲದಿಂದ ಎನ್-95 ಎಂದರೆ ಎಲ್ಲದಕ್ಕೂ ರಕ್ಷೆ ಎಂಬ ನಂಬಿಕೆ ಬೇರೂರಿದೆ. ಎನ್-95 ತಡೆಯುವುದು ಕಣಗಳನ್ನು, ಅದರ ನೂಲಿನ ಸಂದಿನಲ್ಲಿ ಆವಿ ಸಲೀಸಾಗಿ ನುಗ್ಗುತ್ತದೆ. ಬಾಯಿಗೆ ಕಟ್ಟಿದ ಕರವಸ್ತ್ರ ಅಷ್ಟನ್ನೂ ತಡೆಯದು. ಆವಿಗೆ ಬೇಕಾದದ್ದು ಸಕ್ರಿಯ ಇದ್ದಿಲಿನ ಕಾರ್ಟ್ರಿಜ್ ಇರುವ ರೆಸ್ಪಿರೇಟರ್. ಆ ಇದ್ದಿಲೂ ತುಂಬಿಕೊಳ್ಳುತ್ತದೆ, ಕಾಲಕಾಲಕ್ಕೆ ಬದಲಿಸಬೇಕು. ಹಾರ್ಡ್‌ನರ್ ಬೆರೆಸುವ ಟು-ಕೆ ಪಾಲಿಯುರೆಥೇನ್ ಬಣ್ಣಗಳಲ್ಲಿ ಐಸೊಸಯನೇಟ್ ಎಂಬ ಇನ್ನೊಂದು ವಸ್ತು ಇರುತ್ತದೆ. ಅದರ ವಾಸನೆ ಮೂಗಿಗೆ ತಿಳಿಯುವ ಹೊತ್ತಿಗೆ ಮಿತಿ ದಾಟಿರುತ್ತದೆ. ಅದಕ್ಕೆ ಮೈ ಒಮ್ಮೆ ಸೂಕ್ಷ್ಮವಾಯಿತೆಂದರೆ ಆಮೇಲೆ ತೀರ ಕಡಿಮೆ ಪ್ರಮಾಣವೂ ಉಬ್ಬಸ ತರಿಸೀತು. ಕಾರು ಪೇಂಟರ್‌ಗಳಲ್ಲಿ ಕಾಣುವ ಆಸ್ತಮಾಕ್ಕೆ ಜಗತ್ತಿನಾದ್ಯಂತ ಇದು ಪ್ರಮುಖ ಕಾರಣ. ಅಂಥ ಬಣ್ಣ ಹೊಡೆಯುವಾಗ ಹೊರಗಿನಿಂದ ಕೊಳವೆಯಲ್ಲಿ ಶುದ್ಧ ಗಾಳಿ ತರುವ ಮುಖಗವಸೇ ಸರಿಯಾದ ರಕ್ಷೆ.

ಸಂಜೆ ಹಾಲು ಕುಡಿದರೆ, ಬೆಲ್ಲ ತಿಂದರೆ, ಬಾಳೆಹಣ್ಣು ನುಂಗಿದರೆ ಒಳಗಿನ ಘಾಟು ಇಳಿದುಹೋಗುತ್ತದೆ ಎಂಬ ಮಾತಿದೆ. ತಿಂದದ್ದು ಹೊಟ್ಟೆಗೆ ಹೋಗುತ್ತದೆ. ಆವಿ ಹೋದದ್ದು ಶ್ವಾಸಕೋಶಕ್ಕೆ, ಅಲ್ಲಿಂದ ನೇರ ರಕ್ತಕ್ಕೆ. ಹಾಲು ಪೌಷ್ಟಿಕ, ಅಷ್ಟೇ. ಕೆಲಸ ಮುಗಿಸಿ ಕುಡಿಯುವ ಸಾರಾಯಿಯಂತೂ ತಿರುಗುಬಾಣ. ಟಾಲ್ವೀನ್, ಝೈಲೀನ್‌ಗಳನ್ನು ಕರಗಿಸುವುದೂ ಮದ್ಯವನ್ನು ಕರಗಿಸುವುದೂ ಅದೇ ಯಕೃತ್ತು. ಎರಡೂ ಒಟ್ಟಿಗೆ ಬಂದರೆ ದ್ರಾವಕ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ.

‘ಪಿತ್ತ’ ಎನ್ನುವ ಮುನ್ನ

ತಲೆನೋವು, ತಲೆಸುತ್ತು, ಓಕರಿಕೆ, ಕಣ್ಣುರಿ ಮೊದಲ ಲಕ್ಷಣಗಳು. ನಮ್ಮ ಕಡೆ ಇದಕ್ಕೆ ‘ಪಿತ್ತ ಏರೈತಿ’ ಎಂದು ಹೆಸರಿಟ್ಟು ಒಂದು ಗುಳಿಗೆ ನುಂಗಿ ಮುಗಿಸುತ್ತಾರೆ. ಪಿತ್ತವೋ ಥಿನ್ನರೋ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಭಾನುವಾರ ರಜೆಯಲ್ಲಿ ಆರಾಮಾಗಿದ್ದು ಸೋಮವಾರ ಮಧ್ಯಾಹ್ನಕ್ಕೆ ಮತ್ತೆ ಶುರುವಾದರೆ, ಹೊರಗೆ ಬಂದು ಅರ್ಧ ತಾಸು ನಿಂತಾಗ ಇಳಿದರೆ, ಒಟ್ಟಿಗೆ ಕೆಲಸ ಮಾಡುವ ಇನ್ನೊಬ್ಬನಿಗೂ ಹಾಗೇ ಆಗುತ್ತಿದ್ದರೆ ಕಾರಣ ಹೊಟ್ಟೆಯಲ್ಲಿಲ್ಲ, ಮಳಿಗೆಯಲ್ಲಿದೆ.

ವರ್ಷಗಟ್ಟಲೆ ಕುಡಿದ ಆವಿಯ ಪರಿಣಾಮ ಸದ್ದಿಲ್ಲದೆ ಬರುತ್ತದೆ. ಮರೆವು, ಸಿಡುಕು, ನಿದ್ರೆ ಕೆಡುವುದು, ಮನಸ್ಸು ನಿಲ್ಲದಿರುವುದು. ಇದನ್ನು ಮೊದಲು ಗಮನಿಸುವವರು ಮನೆಯವರೇ. ಟಾಲ್ವೀನ್ ಕಿವಿಗೂ ಕೆಟ್ಟದ್ದು. ಕಂಪ್ರೆಸರ್ ಗದ್ದಲದ ಜೊತೆ ಸೇರಿದರೆ ಕಿವುಡು ಬೇಗ ಬರುತ್ತದೆ. ಹೆಕ್ಸೇನ್ ಗುರಿ ಇಡುವುದು ಕೈಕಾಲಿನ ನರಗಳಿಗೆ. ಪಾದ ಜೋಮು ಹಿಡಿಯುವುದರಿಂದ ಶುರುವಾಗಿ, ಕಾಲಿನಿಂದ ಚಪ್ಪಲಿ ಜಾರಿಬಿದ್ದರೂ ತಿಳಿಯದ ಸ್ಥಿತಿಗೆ ಒಯ್ಯುತ್ತದೆ. ಡೈಕ್ಲೋರೋಮೀಥೇನ್ ಮೈಯೊಳಗೆ ಹೋಗಿ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅಮೆರಿಕದಲ್ಲಿ 2000ದಿಂದ 2011ರ ನಡುವೆ ಸ್ನಾನದ ತೊಟ್ಟಿಗಳ ಹಳೇ ಬಣ್ಣ ಕೀಳುತ್ತಿದ್ದ 13 ಮಂದಿ ಸಣ್ಣ ಬಚ್ಚಲುಮನೆಗಳಲ್ಲೇ ಸತ್ತುಬಿದ್ದದ್ದು ಇದೇ ದ್ರಾವಕದಿಂದ.

ಹುಬ್ಬಳ್ಳಿಯ ವೈದ್ಯರಿಗೂ ಇಲ್ಲಿ ಒಂದು ಪಾತ್ರವಿದೆ. ಇಟಲಿಯ ವೈದ್ಯ ಬೆರ್ನಾರ್ದಿನೊ ರಾಮಾಜ್ಜಿನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕ ಬರೆದ. ಬಣ್ಣಗಾರರೂ ಅದರಲ್ಲಿದ್ದಾರೆ. ರೋಗಿಗೆ ಕೇಳಬೇಕಾದ ಪ್ರಶ್ನೆಗಳ ಸಾಲಿಗೆ ‘ನಿಮ್ಮ ಕೆಲಸ ಏನು?’ ಎಂಬುದನ್ನೂ ಸೇರಿಸಬೇಕೆಂದು ಆತ ಒತ್ತಾಯಿಸಿದ. ಮೂರು ಶತಮಾನ ಕಳೆದರೂ ಜನಜಂಗುಳಿಯ ಒಪಿಡಿಗಳಲ್ಲಿ ಆ ಪ್ರಶ್ನೆಗೆ ಪುರುಸೊತ್ತಿಲ್ಲ. ಕೇಳಿದರೆ ಮುಂದಿನ ದಾರಿ ಕಷ್ಟದ್ದೇನಲ್ಲ. ಮೈಯೊಳಗೆ ಹೋದ ಟಾಲ್ವೀನ್, ಝೈಲೀನ್‌ಗಳ ಗುರುತನ್ನು ಮೂತ್ರ ಪರೀಕ್ಷೆಯಲ್ಲೇ ಹಿಡಿಯಬಹುದು. ಇಂಥ ಕಾಯಿಲೆಗಳ ಅಧ್ಯಯನಕ್ಕೆಂದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರ ಬೆಂಗಳೂರಿನಲ್ಲಿದೆ.

ಬೇರೆಯವರು ತೆತ್ತ ಬೆಲೆ

ದ್ರಾವಕಗಳ ಬಗ್ಗೆ ಜಗತ್ತಿಗೆ ಇಂದು ತಿಳಿದಿರುವುದರಲ್ಲಿ ಬಹಳಷ್ಟು ಮುಚ್ಚಿದ ಕೋಣೆಗಳಲ್ಲಿ ದುಡಿದವರ ಮೈಯಿಂದ ತಿಳಿದದ್ದು. ಸ್ವೀಡನ್ನಿನಲ್ಲಿ ಸೈಕಲ್ ಟೈರ್ ತಯಾರಿಸುತ್ತಿದ್ದ ಯುವತಿಯರ ಮೂಳೆಮಜ್ಜೆ ಬತ್ತಿಹೋದದ್ದು 1897ರಲ್ಲಿ ವರದಿಯಾಯಿತು. ಕಾರಣ, ರಬ್ಬರ್ ಕರಗಿಸುವ ಬೆಂಝೀನ್. ಅದೇ ಬೆಂಝೀನ್ ಇದ್ದ ಅಂಟನ್ನು ಇಸ್ತಾಂಬುಲ್‌ನ ಚಪ್ಪಲಿ ಕೆಲಸಗಾರರು ಗಾಳಿಯಾಡದ ಕೋಣೆಗಳಲ್ಲಿ ಬಳಸುತ್ತಿದ್ದರು. ವೈದ್ಯ ಮುಝಫ್ಫರ್ ಅಕ್ಸೊಯ್ ಮತ್ತು ಸಂಗಡಿಗರು 1974ರಲ್ಲಿ ಅಂಥ 26 ಮಂದಿಯ ರಕ್ತಕ್ಯಾನ್ಸರ್ ಪ್ರಕರಣಗಳನ್ನು ಪ್ರಕಟಿಸಿದರು. ಬೆಂಝೀನ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಇಂದು ಎರಡು ಮಾತಿಲ್ಲ. 1960ರ ದಶಕದಲ್ಲಿ ಜಪಾನಿನ ಮನೆಮನೆಗಳಲ್ಲಿ ಸ್ಯಾಂಡಲ್ ಅಂಟಿಸುತ್ತಿದ್ದವರ ಕೈಕಾಲು ಸೋತದ್ದು ಹೆಕ್ಸೇನ್‌ನಿಂದ. 2009ರಲ್ಲಿ ಚೀನಾದ ಸುಝೌ ನಗರದಲ್ಲಿ ಮೊಬೈಲ್ ಪರದೆ ಒರೆಸುತ್ತಿದ್ದ 137 ಕೆಲಸಗಾರರ ನರಗಳನ್ನು ಹಾಳುಮಾಡಿದ್ದೂ ಅದೇ ಹೆಕ್ಸೇನ್.

ತೀರ ಈಚಿನದು ಜಪಾನಿನ ಒಸಾಕಾದ ಒಂದು ಮುದ್ರಣಾಲಯದ ಪ್ರಕರಣ. ಗಾಳಿ ಸರಿಯಾಗಿ ಆಡದ ಕೋಣೆಯಲ್ಲಿ ಆಫ್‌ಸೆಟ್ ಯಂತ್ರದ ಶಾಯಿ ಒರೆಸಲು ಡೈಕ್ಲೋರೋಪ್ರೊಪೇನ್, ಡೈಕ್ಲೋರೋಮೀಥೇನ್ ಬಳಸುತ್ತಿದ್ದರು. ಸಾಮಾನ್ಯವಾಗಿ ಮುದುಕರಲ್ಲಿ ಕಾಣುವ ಪಿತ್ತನಾಳದ ಕ್ಯಾನ್ಸರ್ ಅಲ್ಲಿ 25ರಿಂದ 45 ವಯಸ್ಸಿನ ಗಂಡಸರಲ್ಲಿ ಒಬ್ಬರ ಹಿಂದೊಬ್ಬರಂತೆ ಕಾಣಿಸಿತು. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 62 ಪುರುಷ ಕೆಲಸಗಾರರಲ್ಲಿ 11 ಮಂದಿಗೆ ಈ ಕಾಯಿಲೆ ಬಂದಿತ್ತು. ಮರುವರ್ಷವೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1,2-ಡೈಕ್ಲೋರೋಪ್ರೊಪೇನನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಪೇಂಟರ್ ಕೆಲಸವೇ ಆ ಮೊದಲ ಗುಂಪಿನಲ್ಲಿದೆ ಎಂಬುದು ಇನ್ನೂ ಕಡಿಮೆ ಜನರಿಗೆ ಗೊತ್ತಿರುವ ಸಂಗತಿ.

ಪರಿಹಾರದ ದಾರಿ ತೋರಿಸಿದ್ದು ಡೆನ್ಮಾರ್ಕ್. ಪೇಂಟರ್‌ಗಳಲ್ಲಿ ಮರೆವಿನ ಕಾಯಿಲೆ ಹೆಚ್ಚುತ್ತಿರುವುದನ್ನು ಕಂಡ ಆ ದೇಶ 1982ರಲ್ಲಿ ಬಣ್ಣದ ಡಬ್ಬಿಗಳಿಗೆ ಎರಡು ಅಂಕಿಗಳ ಸಂಕೇತ ತಂದಿತು. ಮೊದಲನೆಯದು ಆ ಬಣ್ಣ ಬಳಸುವಾಗ ಎಷ್ಟು ಹೊಸ ಗಾಳಿ ಬೇಕೆಂದು ಹೇಳುತ್ತದೆ, ಎರಡನೆಯದು ಚರ್ಮಕ್ಕೆ ತಗುಲಿದರೆ, ನುಂಗಿದರೆ ಆಗುವ ಅಪಾಯವನ್ನು. ಕಡಿಮೆ ಅಂಕಿಯ ಬಣ್ಣ ಸಿಗುವಾಗ ಹೆಚ್ಚಿನ ಅಂಕಿಯದನ್ನು ಬಳಸುವಂತಿಲ್ಲ ಎಂಬ ನೀತಿ ನೀರು ಆಧಾರಿತ ಬಣ್ಣಗಳಿಗೆ ದಾರಿ ಮಾಡಿತು. ಡಬ್ಬಿಯನ್ನೂ ಕೋಣೆಯನ್ನೂ ಒಟ್ಟಿಗೆ ನೋಡಿದ ಕಾನೂನು ಅದು.

ಸಂಪಿನೊಳಗೆ ಇಳಿಯುವವರು

ನಲ್ಲಿಯಲ್ಲಿ ದಿನಗಟ್ಟಲೆ ನೀರು ಬಾರದ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ನೆಲದಡಿಯ ಸಂಪ್ ಇಲ್ಲದ ಮನೆ ಕಡಿಮೆ. ಸೋರುವ ಸಂಪಿಗೆ ಒಳಗಿನಿಂದ ಎಪಾಕ್ಸಿಯನ್ನೋ ಡಾಂಬರು ಬೆರೆತ ಪ್ರೈಮರನ್ನೋ ಬಳಿಯುವುದುಂಟು. ಒಬ್ಬ ಇಳಿಯುವಷ್ಟು ಬಾಯಿ, ಒಳಗೆ ನಾಲ್ಕು ಗೋಡೆ, ಗಾಳಿಗೆ ಹೋಗಲು ಎಲ್ಲೂ ಜಾಗವಿಲ್ಲ. ಇಂಥ ಕಡೆ ದ್ರಾವಕದ ಆವಿ ತುಂಬಿದರೆ ಎಚ್ಚರ ತಪ್ಪಲು ನಿಮಿಷಗಳು ಸಾಕು. ಆಮ್ಲಜನಕ ಕಡಿಮೆಯಾದ ಜಾಗದಲ್ಲಿ ಇದ್ದಿಲಿನ ಮಾಸ್ಕ್ ಕೂಡ ಉಸಿರು ಉಳಿಸದು.

ಇಂಥ ದುರಂತಗಳಲ್ಲಿ ಸಾಯುವವರು ಬಹಳ ಸಲ ಒಬ್ಬರಲ್ಲ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಯಲ್ಲಿ ಐವರು ಸತ್ತರು. ಬಿದ್ದವನನ್ನು ಎತ್ತಲು ಇಳಿದವರೂ ಅವರಲ್ಲಿದ್ದರು. ಅಲ್ಲಿದ್ದದ್ದು ಕೊಳೆತದ್ದರ ವಿಷಾನಿಲ. ದ್ರಾವಕ ತುಂಬಿದ ಸಂಪಿಗೂ ಪಾಠ ಅದೇ: ಕೆಳಗೆ ಬಿದ್ದವನ ಹಿಂದೆ ಇಳಿಯಬೇಡಿ. ಬ್ಲೋವರ್‌ನಿಂದ ಗಾಳಿ ಊದಿ, 112ಕ್ಕೆ ಕರೆ ಮಾಡಿ. ಮೊದಲೇ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದ್ದರೆ, ಮೇಲೊಬ್ಬ ಕಾವಲಿದ್ದರೆ, ಇಳಿಯದೆಯೇ ಎಳೆಯಬಹುದು.

ಕಾನೂನು ಎಣಿಸುವುದು ತಲೆಗಳನ್ನು

ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪ್‌ನಂಥ ದೊಡ್ಡ ಕಾರ್ಖಾನೆಗಳಿಗೆ ಕಾನೂನಿನ ಕಣ್ಣು ಮೊದಲಿನಿಂದಲೂ ಇದೆ. 1948ರ ಕಾಯ್ದೆಯ 13ನೇ ಕಲಂ ಗಾಳಿಯಾಟ ಮತ್ತು ಉಷ್ಣಾಂಶದ ಬಗ್ಗೆ, 14ನೆಯದು ಧೂಳು ಮತ್ತು ಆವಿಯ ಬಗ್ಗೆ, 36ನೆಯದು ವಿಷಾನಿಲ ಇರಬಹುದಾದ ತೊಟ್ಟಿ, ಗುಂಡಿಗಳಿಗೆ ಇಳಿಯುವುದರ ಬಗ್ಗೆ ನಿಯಮ ಹೇಳಿತ್ತು. ಬೆಂಝೀನ್ ವಿಷಬಾಧೆ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು. ಆದರೆ ಆ ಕಾಯ್ದೆಯ ಪ್ರಕಾರ ಕಾರ್ಖಾನೆ ಎನಿಸಿಕೊಳ್ಳಲು ವಿದ್ಯುತ್ ಬಳಸುವಲ್ಲಿ 10, ಬಳಸದಲ್ಲಿ 20 ಕೆಲಸಗಾರರು ಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಸಂಹಿತೆ ಈ ಸಂಖ್ಯೆಯನ್ನು 20 ಮತ್ತು 40ಕ್ಕೆ ಏರಿಸಿದೆ.

ಒಬ್ಬ ಮಿಸ್ತ್ರಿ, ಇಬ್ಬರು ಹುಡುಗರು ಇರುವ ಪೇಂಟಿಂಗ್ ಗ್ಯಾರೇಜ್ ಹಳೇ ಲೆಕ್ಕದಲ್ಲೂ ಕಾರ್ಖಾನೆಯಲ್ಲ, ಹೊಸ ಲೆಕ್ಕದಲ್ಲೂ ಅಲ್ಲ. ಟಾಲ್ವೀನ್‌ಗೆ ಈ ಲೆಕ್ಕ ಗೊತ್ತಿಲ್ಲ. ನಲವತ್ತು ಜನರಿರುವ ಎತ್ತರದ ಶೆಡ್ಡಿಗಿಂತ ಮೂವರಿರುವ ಹತ್ತಡಿ ಮಳಿಗೆಯಲ್ಲಿ ಅದು ಹೆಚ್ಚು ದಟ್ಟ. ಕಾನೂನು ತಲೆ ಎಣಿಸಿದರೆ ವಿಷ ಘನ ಅಡಿ ಎಣಿಸುತ್ತದೆ, ಕೆಲಸಗಾರ ಬೀಳುವುದು ಈ ಎರಡು ಲೆಕ್ಕಗಳ ನಡುವೆ. ಅಪಾಯಕಾರಿ ಎಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಕೆಲಸಗಳಿಗೆ ತಲೆಎಣಿಕೆಯ ಷರತ್ತು ಅನ್ವಯಿಸದಂತೆ ಹೊಸ ಸಂಹಿತೆಯಲ್ಲಿ ಅವಕಾಶವಿದೆ. ಮುಚ್ಚಿದ ಜಾಗದಲ್ಲಿ ದ್ರಾವಕ ಸಿಂಪಡಿಸುವ ಕೆಲಸಕ್ಕೆ ಆ ಪಟ್ಟಿಗೆ ಸೇರಲು ಎಲ್ಲ ಅರ್ಹತೆಯೂ ಇದೆ.

ಆದರೆ ದಿಲ್ಲಿಯ ಕಡೆ ನೋಡುತ್ತ ಕೂರಬೇಕಿಲ್ಲ. ಮೂವರ ಅಂಗಡಿಯನ್ನೂ ಮುಟ್ಟುವ ಕಾಗದವೊಂದು ಈಗಾಗಲೇ ಊರಲ್ಲೇ ಇದೆ, ಅದು ಮಹಾನಗರ ಪಾಲಿಕೆ ಕೊಡುವ ಉದ್ದಿಮೆ ಪರವಾನಗಿ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಡಿ ಕೊಡುವ ಈ ಪರವಾನಗಿಗೆ ಇಪ್ಪತ್ತು ಜನ ಇರಬೇಕೆಂಬ ಷರತ್ತಿಲ್ಲ. ನೆಲಮಟ್ಟದಿಂದ ಆವಿ ಎಳೆಯುವ ಫ್ಯಾನ್, ಎದುರುಬದುರು ಎರಡು ತೆರಪು, ಛಾವಣಿಯ ಮೇಲೆ ಬಿಡುವ ಕೊಳವೆ ಇದ್ದರಷ್ಟೇ ಸ್ಪ್ರೇ ಪೇಂಟಿಂಗ್‌ಗೆ ಪರವಾನಗಿ ಎಂದರೆ ಮೇಲ್ಮನೆಯವರ ಜಗಳವೂ ಕೆಳಮಳಿಗೆಯವನ ತಲೆನೋವೂ ಒಟ್ಟಿಗೆ ಬಗೆಹರಿಯುತ್ತವೆ.

ಧೂಳು ತಡೆಯಿರಿ, ಗಾಳಿಯನ್ನಲ್ಲ

ಶಟರ್ ಎಳೆಯುವುದೊಂದೇ ಧೂಳಿಗೆ ಉಪಾಯವಲ್ಲ. ದೊಡ್ಡ ಸರ್ವಿಸ್ ಸೆಂಟರುಗಳ ಸ್ಪ್ರೇ ಬೂತ್ ಮಾಡುವುದು ಇಷ್ಟೇ: ಒಳಬರುವ ಗಾಳಿಯನ್ನು ಸೋಸುತ್ತದೆ, ಒಳಗಿನದನ್ನು ಕೆಳಗಿನಿಂದ ಎಳೆದು ಹೊರಹಾಕುತ್ತದೆ. ಸಣ್ಣ ಮಳಿಗೆಯಲ್ಲೂ ಈ ತತ್ವ ನಡೆಯುತ್ತದೆ. ಗಾಳಿ ಬರುವ ಕಡೆ ಫಿಲ್ಟರ್ ಬಟ್ಟೆಯ ಚೌಕಟ್ಟು, ಎದುರು ಗೋಡೆಯ ಬುಡದಲ್ಲಿ ಎಕ್ಸಾಸ್ಟ್ ಫ್ಯಾನ್. ಅದರ ಮೋಟಾರು ಕಿಡಿ ಹಾರಿಸದಂಥ ಫ್ಲೇಮ್‌ಪ್ರೂಫ್ ಆಗಿರಬೇಕು. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳದು. ಗಾಳಿ ಬೆನ್ನಿನ ಕಡೆಯಿಂದ ಬಂದು ಆವಿಯನ್ನು ಮುಂದಕ್ಕೆ ಒಯ್ಯುವಂತೆ ನಿಲ್ಲಬೇಕು. ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಆವಿ ನಿಲ್ಲುವುದಿಲ್ಲ. ಆಗ ಗನ್ ಕೆಳಗಿಟ್ಟು ಹೊರಗೆ ಬರುವುದೇ ಸರಿ.

ಇನ್ನು ಕೆಲವಕ್ಕೆ ದುಡ್ಡೇ ಬೇಕಿಲ್ಲ. ಬಳಸದ ಹೊತ್ತಿನಲ್ಲಿ ಡಬ್ಬಿಗೆ ಮುಚ್ಚಳ ಹಾಕುವುದು. ಒರೆಸಿದ ಬನಿಯನ್ ವೇಸ್ಟನ್ನು ಮುಚ್ಚಳವಿರುವ ತಗಡಿನ ಡಬ್ಬಿಗೆ ತುಂಬುವುದು. ಕೈ ತೊಳೆಯಲು ಥಿನ್ನರ್ ಬಿಟ್ಟು ಕೊಬ್ಬರಿ ಎಣ್ಣೆ ಉಜ್ಜಿ ಸಾಬೂನು ಬಳಸುವುದು, ಏಕೆಂದರೆ ಥಿನ್ನರ್ ಚರ್ಮದ ಜಿಡ್ಡನ್ನು ತೆಗೆದು ಅಲ್ಲಿಂದಲೂ ಒಳಗೆ ಇಳಿಯುತ್ತದೆ. ಊಟದ ಡಬ್ಬಿ ಹೊರಗೆ ಬಿಚ್ಚುವುದು. ಪಾಲಿಶ್ ಹೊಡೆದ ಕೋಣೆಯಲ್ಲಿ ಮಲಗದಿರುವುದು. ಹದಿನೆಂಟು ತುಂಬದ ಹುಡುಗರನ್ನು ಈ ಕೆಲಸಕ್ಕೆ ಹಚ್ಚದಿರುವುದು. ಬಸುರಿ ಹೆಂಗಸರು ಈ ಘಾಟಿನಿಂದ ದೂರ ಇರುವುದು. ಕಟ್ಟಡಗಳಲ್ಲಿ ಬಣ್ಣ, ಪಾಲಿಶ್ ಕೆಲಸ ಮಾಡುವವರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಂಡರೆ ವೈದ್ಯಕೀಯ ನೆರವಿಗೆ ದಾರಿಯಾಗುತ್ತದೆ.

ಕೊನೆಯ ಮಾತು ಗಿರಾಕಿಗಳಿಗೆ. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತು, ಆಯುಧಪೂಜೆಗೆ ಗಾಡಿ ಬೇಕು ಎಂದು ‘ನಾಳೆ ಮುಂಜಾನೆಗೆ ಕೊಡ್ರಿ’ ಎನ್ನುವವರು ನಾವೇ. ರಾತ್ರಿ ಶಟರ್ ಇಳಿಯುವುದು ಆ ಮಾತಿಗೆ. ಎರಡು ದಿನ ಹೆಚ್ಚು ಕೊಡಿ. ಮನೆಯ ಕೆಲಸಕ್ಕೆ ನೀರು ಆಧಾರಿತ ಪಾಲಿಶ್ ಕೇಳಿ, ಅದು ಅಂಗಡಿಗಳಲ್ಲಿ ಸಿಗುತ್ತದೆ. ಗ್ಯಾರೇಜಿಗೆ ಗಾಡಿ ಬಿಡುವಾಗ ರೇಟು ಕೇಳುವ ಬಾಯಲ್ಲೇ ‘ನಿಮ್ಮ ಎಕ್ಸಾಸ್ಟ್ ಫ್ಯಾನ್ ಎಲ್ಲೈತ್ರಿ?’ ಎಂದೂ ಕೇಳಿ. ನೆಲದ ಹತ್ತಿರ ಫ್ಯಾನ್ ಇಟ್ಟ ಗ್ಯಾರೇಜಿಗೆ ನಾಲ್ಕು ಕಾಸು ಹೆಚ್ಚು ಕೊಡಲು ಗಿರಾಕಿ ತಯಾರಾದ ದಿನ, ಪರವಾನಗಿಯ ಷರತ್ತಿಗೆ ಕಾಯದೆ ಮಾಲೀಕರೇ ಗೋಡೆ ಕೊರೆಸುತ್ತಾರೆ.